ಬೊಳ್ಳಿಯ ಸುಸು, ಹತ್ತು ಗಂಟೆಯ ವಿಮಾನ, ನಮ್ಮ ಮಳೆಗಾಲ

ನಮ್ಮ ನಾಯಿ ಬೊಳ್ಳಿಯನ್ನು ಜರ್ಮನಿಯ ಮ್ಯೂನಿಕ್‌ನಲ್ಲಿರುವ ಮಗಳ ಹತ್ತಿರ ಬಿಟ್ಟು ಬಂದ ಮೇಲೆ ನನಗೆ ಸುಮಾರು ಜನ ಫೋನ್ ಮಾಡಿದ್ದಾರೆ. ಸುಂಟಿಕೊಪ್ಪದವರು, ಮಡಿಕೇರಿಯವರು, ಗೋಣಿಕೊಪ್ಪದವರು. ನಮ್ಮ ಕಡೆ ಮಕ್ಕಳು ಕೆಲಸಕ್ಕೆ ಅಂತ ಹೊರದೇಶಕ್ಕೆ ಹೋಗುತ್ತಾರೆ, ಅವರು ಮುದ್ದು ಮಾಡಿ ಸಾಕಿದ ನಾಯಿ ಇಲ್ಲೇ ಉಳಿಯುತ್ತದೆ. ಆಮೇಲೆ ಕೆಲಸ ಗಟ್ಟಿಯಾಯಿತು, ಮನೆ ಸಿಕ್ಕಿತು ಅಂದಾಗ ನಾಯಿ ಬೇಕು ಅನ್ನಿಸುತ್ತದೆ. ಕರೆದುಕೊಂಡು ಹೋಗಬೇಕಾದವರು ನಮ್ಮಂಥ ಅಪ್ಪ ಅಮ್ಮಂದಿರು. ಟಿಕೆಟ್ಟು, ಕಾಗದಪತ್ರ ಎಲ್ಲ ಕೇಳಿ ಮುಗಿದ ಮೇಲೆ ಸ್ವಲ್ಪ ದನಿ ತಗ್ಗಿಸಿ ಎಲ್ಲರೂ ಕೇಳುವುದು ಒಂದೇ. "ಅಕ್ಕ, ಅಷ್ಟು ಹೊತ್ತು ಅದು ಸುಸು ಎಲ್ಲಿ ಮಾಡ್ತು?"

ದನಿ ತಗ್ಗಿಸುವ ವಿಷಯವೇ ಅಲ್ಲ ಇದು. ನನ್ನನ್ನು ಕೇಳಿದರೆ ಇದೇ ದೊಡ್ಡ ವಿಷಯ. ಕಾಗದ ಪತ್ರಕ್ಕೆ ಹೇಳಿಕೊಡುವವರು ಇದ್ದಾರೆ, ದುಡ್ಡು ಕೊಟ್ಟರೆ ಮಾಡಿಕೊಡುವವರೂ ಇದ್ದಾರೆ. ಬಾಯಿಬಾರದ ಒಂದು ಜೀವ ಗಂಟೆಗಟ್ಟಲೆ ತಡೆದುಕೊಂಡು ಸೀಟಿನ ಕೆಳಗೆ ಕೂತಿರುವುದರ ಬಗ್ಗೆ ಯೋಚಿಸುವವರು ಕಡಿಮೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ಮ್ಯೂನಿಕ್‌ಗೆ ನೇರ ವಿಮಾನ ಇದೆ, ಸುಮಾರು 10 ಗಂಟೆ. ಆದರೆ ನಾಯಿಗೆ ಅದು ಹತ್ತು ಗಂಟೆ ಅಲ್ಲ. ನಿಲ್ದಾಣದ ಒಳಗೆ ಹೋದ ಹೊತ್ತಿನಿಂದ ಆ ಕಡೆ ಹೊರಗೆ ಬರುವವರೆಗೆ ಹಿಡಿದರೆ 14–15 ಗಂಟೆ ಆಗುತ್ತದೆ. ನಮಗೆ ಅದರ ಹಿಂದೆ ಸುಂಟಿಕೊಪ್ಪದಿಂದ ಆರೇಳು ಗಂಟೆಯ ಕಾರು ಬೇರೆ. ಬೆಳೆದ ನಾಯಿ ಸಾಮಾನ್ಯವಾಗಿ 8–10 ಗಂಟೆ ತಡೆದುಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿ ತಡೆಯುವ ನಾಯಿಗಳೂ ಇವೆ. ತಡೆಯುತ್ತದೆ ಅಂತ ತಡೆಸುವುದು ಸರಿಯಲ್ಲ. ಅದಕ್ಕೆ ಹಿಂಸೆ, ಅದರಲ್ಲೂ ಹೆಣ್ಣು ನಾಯಿಗಳಿಗೆ ಮೂತ್ರಕೋಶದ ಸೋಂಕು ಬೇಗ ಹಿಡಿಯುತ್ತದೆ.

ಇನ್ನೊಂದು ಲೆಕ್ಕವೂ ಇದೆ, ಅದು ಸಮಾಧಾನದ ಲೆಕ್ಕ. ಆರೋಗ್ಯವಾಗಿರುವ ನಾಯಿಯ ಮೈಯಲ್ಲಿ ಒಂದು ಕೆಜಿ ತೂಕಕ್ಕೆ ಗಂಟೆಗೆ 1ರಿಂದ 2 ಎಂಎಲ್ ಮೂತ್ರ ತಯಾರಾಗುತ್ತದೆ. ಬೊಳ್ಳಿ ಐದೂವರೆ ಕೆಜಿ. ಅಂದರೆ 10 ಗಂಟೆಗೆ 55ರಿಂದ 110 ಎಂಎಲ್. ಒಂದು ಸಣ್ಣ ಕಾಫಿ ಲೋಟದಷ್ಟೂ ಇಲ್ಲ. ನಿದ್ದೆಯಲ್ಲಿ ಇನ್ನೂ ಕಡಿಮೆ. ಒಂದು ಪೀ ಪ್ಯಾಡ್, ಅಂದರೆ ನಾಯಿ ಸುಸು ಮಾಡಲು ನೆಲಕ್ಕೆ ಹಾಸುವ ಹೀರುವ ಹಾಸು, ಇಷ್ಟನ್ನು ಹೀರಿಕೊಂಡು ಮೇಲೆ ಒಣಗಿದ ಹಾಗೆ ಇರುತ್ತದೆ, ಮಕ್ಕಳ ಡೈಪರ್‌ನಲ್ಲಿ ಇರುವಂಥದ್ದೇ ಪುಡಿ ಅದರೊಳಗೂ ಇರುವುದು. ಹಾಗಾಗಿ "ವಿಮಾನದಲ್ಲಿ ಹೊಳೆ ಹರಿದುಬಿಟ್ಟರೆ?" ಅನ್ನುವ ಹೆದರಿಕೆ ಬೇಡ. ಪ್ಯಾಡ್ ಹೀರುತ್ತದೆ, ಅದರಲ್ಲಿ ಸಂಶಯ ಇಲ್ಲ. ನಾಯಿ ಪ್ಯಾಡ್ ಮೇಲೆ ಮಾಡುತ್ತದಾ ಅನ್ನುವುದೇ ಪ್ರಶ್ನೆ.

ನಮ್ಮ ಕೊಡಗಿನ ನಾಯಿಗಳಿಗೆ ಅದೇ ಕಷ್ಟ. ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ಬೆಳೆದ ನಾಯಿಗೆ ಟೈಲ್ಸು, ಬಾಲ್ಕನಿ, ಕಾಗದ ಎಲ್ಲ ಅಭ್ಯಾಸ. ಬೊಳ್ಳಿ ಬೆಳೆದದ್ದು ತೋಟದಲ್ಲಿ. ಮರಿಯಿದ್ದಾಗಿನಿಂದ ಮಣ್ಣು, ಹುಲ್ಲು, ಕಾಫಿ ಗಿಡದ ಬುಡದ ತರಗೆಲೆ. ಅದರಲ್ಲೂ ಮನೆಯ ಹಿಂದಿನ ಹಾಲುವಾಣ ಮರದ ಬುಡವೇ ಬೇಕು. ಕಾಲಿನ ಕೆಳಗೆ ಯಾವ ನೆಲ ಇದ್ದರೆ ಮಾಡಬಹುದು ಅನ್ನುವುದನ್ನು ನಾಯಿಗಳು ಮರಿಯಲ್ಲೇ ಕಲಿತುಬಿಡುತ್ತವೆ. ದೊಡ್ಡದಾದ ಮೇಲೆ ಬದಲಾಯಿಸಬಹುದು, ಆದರೆ ವಾರದಲ್ಲಿ ಆಗುವ ಮಾತಲ್ಲ.

ಇಲ್ಲಿ ಒಂದು ಅನುಕೂಲ ಇದೆ, ಇದನ್ನೇ ನಾನು ಎಲ್ಲರಿಗೂ ಒತ್ತಿ ಹೇಳುವುದು. ಭಾರತದಿಂದ ಯುರೋಪಿಗೆ ನಾಯಿ ಕರೆದುಕೊಂಡು ಹೋಗಲು ನೀವು ಹೇಗೂ ತಿಂಗಳುಗಟ್ಟಲೆ ಕಾಯಲೇಬೇಕು. ಮೊದಲು ಚರ್ಮದ ಕೆಳಗೆ ಹಾಕುವ 15 ಅಂಕೆಯ ಗುರುತಿನ ಮೈಕ್ರೋಚಿಪ್. ಅದಾದ ಮೇಲೆ ರೇಬಿಸ್ ಲಸಿಕೆ. ಲಸಿಕೆಯಾಗಿ ಕನಿಷ್ಠ 30 ದಿನ ಬಿಟ್ಟು ರಕ್ತ ತೆಗೆಯಬೇಕು. ಅದು ಯುರೋಪಿಯನ್ ಒಕ್ಕೂಟ ಒಪ್ಪಿದ ಲ್ಯಾಬಿನಲ್ಲಿ ಪರೀಕ್ಷೆಯಾಗಿ, ರೇಬಿಸ್ ತಡೆಯುವ ಶಕ್ತಿ ಒಂದು ಎಂಎಲ್‌ಗೆ 0.5 ಐಯು ಅಥವಾ ಅದಕ್ಕಿಂತ ಮೇಲೆ ಬರಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಳೆಯದೆ ಒಳಗೆ ಬಿಡುವುದಿಲ್ಲ. ಎಲ್ಲ ಸೇರಿ ನಾಲ್ಕು ತಿಂಗಳು ದಾಟುತ್ತದೆ. ಕೊನೆಯಲ್ಲಿ ಹೆಸರಘಟ್ಟದ ಪ್ರಾಣಿ ಕ್ವಾರಂಟೈನ್ ಕಚೇರಿಯ ಪತ್ರ. ಸುಮಾರು ಜನ ಈ ನಾಲ್ಕು ತಿಂಗಳನ್ನು ಸುಮ್ನೆ ಕಾಯುವುದರಲ್ಲಿ ಕಳೆಯುತ್ತಾರೆ. ನಾಯಿಗೆ ಕಲಿಸಲು ಅಷ್ಟು ಹೊತ್ತೇ ಬೇಕಾಗಿರುವುದು!

ನಮ್ಮ ಬೊಳ್ಳಿಗೆ ಚಿಪ್ ಹಾಕಿಸಿದ್ದು ಮಳೆಗಾಲ ಶುರುವಾಗುವ ಹೊತ್ತಿಗೆ. ಅದಕ್ಕಿಂತ ಒಳ್ಳೆಯ ಹೊತ್ತು ಇಲ್ಲ ಅಂತ ಈಗಲೂ ಅನ್ನಿಸುತ್ತದೆ. ಕೊಡಗಿನ ಕಕ್ಕಡ ತಿಂಗಳ ಜೋರು ಮಳೆ ಹಿಡಿದರೆ ಸಣ್ಣ ನಾಯಿಗಳು ಅಂಗಳಕ್ಕೆ ಇಳಿಯುವುದಿಲ್ಲ ಅಲ್ವಾ. ಇಳಿದರೂ ಬೆರಳ ಸಂದಿಯಲ್ಲಿ ಜಿಗಣೆ ಹಿಡಿಸಿಕೊಂಡು ಬರುತ್ತವೆ. ಬೊಳ್ಳಿ ಜಗಲಿಯ ಅಂಚಿಗೆ ಹೋಗಿ ನಿಲ್ಲುವಳು. ಹೆಂಚಿನಿಂದ ನೀರು ದಾರವಾಗಿ ಇಳಿಯುತ್ತಿರುತ್ತದೆ. ಮುಂದಿನ ಒಂದು ಕಾಲು ಎತ್ತಿ, ಮಳೆ ನೋಡಿ, ನನ್ನ ಮುಖ ನೋಡುವಳು. ಅವಳಿಗೇ ಬೇರೆ ಜಾಗ ಬೇಕಾಗಿತ್ತು. ಆ ಹೊತ್ತಿಗೆ ಸರಿಯಾಗಿ ನಾನು ಜಗಲಿಯ ಮೂಲೆಯಲ್ಲಿ ಪ್ಯಾಡ್ ಹಾಸಿದೆ.

ಬರೀ ಪ್ಯಾಡ್ ಹಾಸಿದರೆ ಅವಳು ಅದರ ಮೇಲೆ ಮಲಗುವಳು. ಅದಕ್ಕೆ ಹಾಲುವಾಣದ ಬುಡದಿಂದ ಒಂದು ಹಿಡಿ ಒದ್ದೆ ತರಗೆಲೆ ತಂದು ಪ್ಯಾಡ್ ಮೇಲೆ ಹರಡಿದೆ. ಮೂಸಿದಳು. ಒಂದು ಸುತ್ತು ತಿರುಗಿದಳು. ಎಲೆಗಳನ್ನು ಮುಂಗಾಲಿನಿಂದ ಸ್ವಲ್ಪ ಕೆರೆದು, ಕೂತು ಮಾಡಿದಳು. ಅವಳು ಕೂತ ಆ ಕ್ಷಣಕ್ಕೆ ಮೆಲ್ಲಗೆ "ಸುಸು ಮಾಡು" ಅಂದೆ, ಮುಗಿಸಿದ ಕೂಡಲೇ ಬೇಯಿಸಿದ ಕೋಳಿಯ ಒಂದು ಚೂರು. ಮಾತು ಮೊದಲೇ ಹೇಳಿ ಬಲವಂತ ಮಾಡುವುದಲ್ಲ. ಮಾಡುವಾಗ ಹೇಳುವುದು, ದಿನಾ ಅದೇ ಮಾತು, ಅದೇ ದನಿ. ಮನೆಯಲ್ಲಿ ಎಲ್ಲರೂ ಅದೇ ಹೇಳಬೇಕು. ಕೆಲವು ವಾರ ಹೋದರೆ ಮಾತು ಕೇಳಿದ ಮೇಲೆ ಮಾಡಲು ಶುರುಮಾಡುತ್ತದೆ.

ಆಮೇಲೆ ಎಲೆ ಕಡಿಮೆ ಮಾಡುತ್ತಾ ಬಂದೆ. ಹಿಡಿಯಿಂದ ನಾಲ್ಕೈದು ಎಲೆಗೆ, ಅಲ್ಲಿಂದ ಒಂದಕ್ಕೆ. ಎಲೆ ಬದಲು ಹಳೆಯ ಪ್ಯಾಡ್‌ನ ಸಣ್ಣ ತುಂಡು ಹೊಸದರ ಮೇಲೆ ಇಟ್ಟರೆ ವಾಸನೆ ಸಾಕು. ಇದು ಮುಖ್ಯ. ಯಾಕೆಂದರೆ ಎಲೆಯೋ ಮಣ್ಣೋ ವಿಮಾನಕ್ಕೆ ತೆಗೆದುಕೊಂಡು ಹೋಗಲು ಆಗುವುದಿಲ್ಲ. ನಮ್ಮ ದೇಶದ ಮಣ್ಣನ್ನು ಯುರೋಪಿನ ಒಳಗೆ ಬಿಡುವುದೇ ಇಲ್ಲ. ಗಿಡದ ರೋಗ, ಹುಳ ಬರುತ್ತದೆ ಅಂತ ಕಾನೂನು. ತೋಟ ಇರುವ ನಮಗೆ ಅದು ಅರ್ಥವಾಗುವ ವಿಷಯವೇ. ಹುಲ್ಲಿನ ತುಂಡು ಟ್ರೇಯಲ್ಲಿ ಹಾಕಿ ಒಯ್ಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಪ್ಯಾಡ್ ಅಭ್ಯಾಸವಾದ ಮೇಲೆ ಅದನ್ನು ಜಗಲಿಯಿಂದ ಬಚ್ಚಲುಮನೆಗೆ ಒಯ್ದೆ. ಯಾಕೆ ಬಚ್ಚಲು? ವಿಮಾನದ ಟಾಯ್ಲೆಟ್ ಎಂದರೆ ಇಕ್ಕಟ್ಟು, ಬಾಗಿಲು ಮುಚ್ಚಿರುತ್ತದೆ, ಗುಂಯ್ ಅನ್ನುವ ಸದ್ದು, ನಾವು ಅದರ ಮೂಗಿನ ಹತ್ತಿರವೇ ನಿಂತಿರುತ್ತೇವೆ. ತೋಟದ ನಾಯಿಗೆ ಮರೆಯಲ್ಲಿ ಹೋಗಿ ಮಾಡುವುದು ರೂಢಿ. ಯಾರಾದರೂ ಹತ್ತಿರ ನಿಂತರೆ ಎದ್ದು ಹೋಗುತ್ತದೆ. ಅದಕ್ಕೆ ಬಾಗಿಲು ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ಹಾಕಿ, ಬೆಲ್ಟ್ ಕಟ್ಟಿ, ನಾನು ಅಲ್ಲೇ ನಿಂತು ಅಭ್ಯಾಸ ಮಾಡಿಸಿದೆ. ಪ್ಯಾಡ್ ಅನ್ನು ಅರ್ಧಕ್ಕೆ ಮಡಚಿದೆ. ವಿಮಾನದ ಟಾಯ್ಲೆಟ್‌ನಲ್ಲಿ ನೆಲ ಅಷ್ಟೇ ಇರುವುದು.

ವಿಮಾನದಲ್ಲಿ ನಾಯಿ ಕೂರುವ ಬ್ಯಾಗಿನ ಅಭ್ಯಾಸ ಇದರ ಜೊತೆಗೇ ನಡೆಯಬೇಕು. ಲುಫ್ತಾನ್ಸಾ ವಿಮಾನದಲ್ಲಿ, ಜನ ಕೂರುವ ಕ್ಯಾಬಿನ್ ಒಳಗೆ ನಾಯಿ ಮತ್ತು ಬ್ಯಾಗು ಸೇರಿ 8 ಕೆಜಿ ದಾಟುವಂತಿಲ್ಲ. ಬೊಳ್ಳಿಯ ಸಾಮಾನೆಲ್ಲ ಬ್ಯಾಗಿಗೆ ತುಂಬಿಸಿದರೆ ತೂಕ ಮೇಲೆ ಹೋಗುತ್ತದೆ, ಪ್ಯಾಡು, ಒರೆಸುವ ಬಟ್ಟೆ ಎಲ್ಲ ನನ್ನ ಕೈಚೀಲದಲ್ಲಿ. ಬ್ಯಾಗಿನ ತಳಕ್ಕೆ ಒಂದು ಪ್ಯಾಡ್, ಅದರ ಮೇಲೆ ಅವಳು ದಿನಾ ಮಲಗುವ ಬಟ್ಟೆ. ನಾಯಿಗಳು ಮಲಗುವ ಜಾಗವನ್ನು ಕೊಳೆ ಮಾಡುವುದಿಲ್ಲ, ತೀರಾ ತಡೆಯಲಾಗದಿದ್ದರೆ ಮಾತ್ರ. ಆ ತೀರಾ ಅನ್ನುವುದಕ್ಕೆ ತಳದ ಪ್ಯಾಡ್.

ಈ ತಿಂಗಳುಗಳಲ್ಲಿ ಸಲಹೆ ಕೊಡುವವರು ತುಂಬಾ ಜನ ಬಂದರು. ಪ್ರೀತಿಯಿಂದ ಹೇಳುತ್ತಾರೆ, ಆದರೂ ಕೆಲವನ್ನು ಬೇಡ ಅನ್ನಲೇಬೇಕು. ಒಬ್ಬರು ನಿದ್ದೆ ಮಾತ್ರೆ ಕೊಡಿ ಅಂದರು. ನಮ್ಮ ಪಶುವೈದ್ಯರು ಖಂಡಿತ ಬೇಡ ಅಂದರು. ಮಂಪರಿನ ಔಷಧಿಯಿಂದ ರಕ್ತದೊತ್ತಡ ಇಳಿಯಬಹುದು, ಉಸಿರಾಟಕ್ಕೂ ತೊಂದರೆ, ಮೈ ಬಿಸಿ ತಾನೇ ಸರಿಮಾಡಿಕೊಳ್ಳುವ ಶಕ್ತಿ ಹೋಗುತ್ತದೆ. ಮತ್ತೊಬ್ಬರು ವಾಸನೆ ಬಾರದಿರಲು ಬ್ಯಾಗಿನಲ್ಲಿ ಕಾಫಿಪುಡಿ ಗಂಟು ಇಡಿ ಅಂದರು. ಕಾಫಿ ನಾಡಿನವರಿಗೆ ಹೊಳೆಯುವ ಉಪಾಯವೇ, ಆದರೆ ಕೆಫೀನ್ ನಾಯಿಗೆ ವಿಷ. ಐದು ಕೆಜಿಯ ನಾಯಿ ಗಂಟು ಕಚ್ಚಿ ಹರಿದರೆ ಆಕಾಶದಲ್ಲಿ ಡಾಕ್ಟರನ್ನು ಎಲ್ಲಿ ಹುಡುಕುವುದು? ವಾಸನೆಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ ಸಾಕು. ಚಿಕ್ಕ ಬಾಟಲಿಯಲ್ಲಿ ನೀರು ಬೆರೆಸಿದ ಬಿಳಿ ವಿನೆಗರ್ ಇಟ್ಟುಕೊಂಡಿದ್ದೆ, 100 ಎಂಎಲ್ ಒಳಗಿದ್ದರೆ ಬಿಡುತ್ತಾರೆ.

ಜಾಸ್ತಿ ಜನ ಹೇಳಿದ್ದು ನೀರು ನಿಲ್ಲಿಸಿ ಅಂತ. ಹಿಂದಿನ ದಿನದಿಂದಲೇ ನೀರು ಕೊಡಬೇಡಿ, ಸುಸುವೇ ಬರುವುದಿಲ್ಲ ಅಂತ. ಇದನ್ನು ದಯವಿಟ್ಟು ಯಾರೂ ಮಾಡಬೇಡಿ. ವಿಮಾನದ ಒಳಗಿನ ಗಾಳಿ ತುಂಬಾ ಒಣ, ತೇವಾಂಶ 20 ಶೇಕಡಾಕ್ಕಿಂತ ಕಡಿಮೆ ಇರುತ್ತದೆ. ಕಕ್ಕಡದ ಗಾಳಿ ಕುಡಿದು ಬೆಳೆದ ನಾಯಿಗೆ ಅದೇ ಒಂದು ಹೊಡೆತ. ಹೆದರಿಕೆಗೆ ನಾಲಿಗೆ ಚಾಚಿ ತೇಕಿದರೆ ಇನ್ನಷ್ಟು ನೀರು ಹೋಗುತ್ತದೆ. ನಾಯಿಗೆ ದಿನಕ್ಕೆ ಕೆಜಿಗೆ 50–60 ಎಂಎಲ್ ನೀರು ಬೇಕು. ಬೊಳ್ಳಿಗೆ ಸುಮಾರು 300. ಅದನ್ನು ನಿಲ್ಲಿಸಲಿಲ್ಲ, ಹೊತ್ತು ಬದಲಾಯಿಸಿದೆ. ಮಧ್ಯಾಹ್ನದವರೆಗೆ ಬೇಕಾದಷ್ಟು, ಸಂಜೆಯಿಂದ ಸ್ವಲ್ಪ ಸ್ವಲ್ಪ. ವಿಮಾನದಲ್ಲಿ ಆಗಾಗ ಅಂಗೈಯಲ್ಲಿ ನಾಲ್ಕು ನೆಕ್ಕು. ಕೇಳಿದರೆ ಐಸ್ ತುಂಡು ಕೊಡುತ್ತಾರೆ, ಅದನ್ನು ನೆಕ್ಕುವುದು ಅವಳಿಗೆ ಒಂದು ಕೆಲಸವೂ ಆಯಿತು.

ಕಕ್ಕದ ವಿಷಯ ಸುಸುವಿಗಿಂತ ಸುಲಭ. ಊಟದ ಹೊತ್ತು ಹಿಡಿದರೆ ಅದೂ ಹಿಡಿತಕ್ಕೆ ಬರುತ್ತದೆ. ಹೊಟ್ಟೆಗೆ ಅನ್ನ ಬಿದ್ದ ಕೂಡಲೇ ಕರುಳು ಅಲುಗುವುದು ನಾಯಿಯ ಮೈಯ ಗುಣ, ಅರ್ಧ ಗಂಟೆಯ ಒಳಗೆ ಹೋಗಬೇಕು ಅನ್ನಿಸುತ್ತದೆ. ನಮ್ಮ ವಿಮಾನ ನಡುರಾತ್ರಿ ಕಳೆದ ಮೇಲೆ. ಮಧ್ಯಾಹ್ನ ಮನೆಯಲ್ಲೇ ಹೊಟ್ಟೆತುಂಬ ಅನ್ನ, ಬೇಯಿಸಿದ ಕೋಳಿ. ಸಂಜೆ ದಾರಿಯಲ್ಲಿ ಒಂದು ಹಿಡಿ ಅಷ್ಟೇ, ಅದೂ ನಡೆಸಲು ಜಾಗ ಇರುವ ಕಡೆ. ಆಮೇಲೆ ಊಟ ಇಲ್ಲ. ಹೊರಡುವ ವಾರ ಹೊಸ ತಿಂಡಿ ಯಾವುದೂ ಬೇಡ. ನಾವು ಹೊರಟಿದ್ದು ನಮ್ಮ ಸುಗ್ಗಿ ಹಬ್ಬ ಹುತ್ತರಿಯ ಹತ್ತಿರ. ನೆಂಟರು ಪಂದಿ ಕರಿ ತಂದು "ಪಾಪ, ಹೋಗ್ತಾ ಇದೆ, ಒಂದು ತುಂಡು ಕೊಡಿ" ಅನ್ನುತ್ತಿದ್ದರು. ಕೊಬ್ಬು, ಖಾರ, ಕಾಚಂಪುಳಿ ಅದರ ಹೊಟ್ಟೆಗೆ ಹೋದರೆ ಮರುದಿನ ಭೇದಿ. ಕೊಡಲೇ ಇಲ್ಲ. ಅವರಿಗೆ ಬೇಜಾರಾಯಿತು, ಆಗಲಿ.

ಕಾರಿನ ದಾರಿಯಲ್ಲಿ ಎರಡು ಗಂಟೆಗೊಮ್ಮೆ ನಿಲ್ಲಿಸಿದೆವು. ಹುಣಸೂರಿನವರೆಗೆ ಜಾಗಕ್ಕೆ ಕೊರತೆ ಇಲ್ಲ. ಮೈಸೂರು ದಾಟಿ ಎಕ್ಸ್‌ಪ್ರೆಸ್‌ವೇ ಹಿಡಿದರೆ ಮಧ್ಯೆ ನಿಲ್ಲಿಸುವ ಹಾಗಿಲ್ಲ, ಸರ್ವಿಸ್ ರಸ್ತೆಗೆ ಇಳಿಯಬೇಕು. ನಮ್ಮ ಡ್ರೈವರ್ ಕುಶಾಲನಗರದ ಹುಡುಗ, ಅವನಿಗೂ ನಾಯಿ ಇದೆ. ನಾನು ನಿಲ್ಲಿಸು ಅಂದ ಕಡೆಯೆಲ್ಲ ನಿಲ್ಲಿಸಲಿಲ್ಲ. "ಆಂಟಿ, ಇಲ್ಲಿ ಬೀದಿನಾಯಿ ಜಾಸ್ತಿ, ಇದು ಹೆದ್ರಿ ಮಾಡೋದೇ ಇಲ್ಲ. ಮುಂದೆ ಹೋಟೆಲ್ ಹತ್ರ ಹುಲ್ಲಿದೆ" ಅಂತ ಕರೆದುಕೊಂಡು ಹೋದ. ಅವನ ಮಾತು ಸರಿ. ಬೀದಿನಾಯಿ ವಾಸನೆ ಇದ್ದರೆ ಬೊಳ್ಳಿ ಬಾಲ ಮಡಚಿ ನಿಂತುಬಿಡುತ್ತಾಳೆ.

ನಿಲ್ದಾಣದಲ್ಲಿ ನೆನಪಿಡಬೇಕಾದದ್ದು ಒಂದೇ. ಒಳಗೆ ಹೋದ ಮೇಲೆ ಮತ್ತೆ ಹೊರಗೆ ಬಂದು ಹೋಗುವುದು ಸುಲಭ ಅಲ್ಲ. ಟ್ರಾಲಿ, ಸೂಟ್‌ಕೇಸ್ ಯಾರಾದರೂ ನೋಡಿಕೊಳ್ಳಲಿ, ನೀವು ನಾಯಿಯ ಜೊತೆ ಹೊರಗೆ ಆದಷ್ಟು ಹೊತ್ತು ನಡೆಯಿರಿ. ಅದು ಮಾಡುವವರೆಗೆ ಒಳಗೆ ಕಾಲಿಡಬೇಡಿ. ಸೆಕ್ಯೂರಿಟಿಯಲ್ಲಿ ನಾಯಿಯನ್ನು ಬ್ಯಾಗಿನಿಂದ ತೆಗೆದು ಎತ್ತಿಕೊಂಡು ಹೋಗಬೇಕು, ಬ್ಯಾಗು ಮಾತ್ರ ಯಂತ್ರದೊಳಗೆ. ಬೆಲ್ಟ್ ಕೈಗೆ ಸುತ್ತಿಕೊಂಡಿರಿ.

ಸೀಟು ನಡುದಾರಿಯ ಪಕ್ಕದ್ದು, ಟಾಯ್ಲೆಟ್‌ಗೆ ತೀರಾ ದೂರ ಇಲ್ಲದ್ದು ಕೇಳಿ ಪಡೆದಿದ್ದೆ. ತೀರಾ ಮುಂದಿನ ಸಾಲು ಆಗುವುದಿಲ್ಲ, ಬ್ಯಾಗು ಇಡಲು ಎದುರಿಗೆ ಸೀಟೇ ಇರುವುದಿಲ್ಲ. ಹತ್ತಿದ ಕೂಡಲೇ ಗಗನಸಖಿಗೆ ಹೇಳಿದೆ, ನಡುವೆ ಒಂದು ಸಲ ಬ್ಯಾಗು ತೆಗೆದುಕೊಂಡು ಟಾಯ್ಲೆಟ್‌ಗೆ ಹೋಗುತ್ತೇನೆ ಅಂತ. ಸರಿ, ನಾಯಿ ದಾರಿಯಲ್ಲಿ ಬ್ಯಾಗಿನೊಳಗೇ ಇರಲಿ ಅಂದಳು. ಮೊದಲೇ ಕೇಳಿದ್ದು ಒಳ್ಳೆಯದಾಯಿತು, ಯಾರೂ ಮುಖ ಸಿಂಡರಿಸಲಿಲ್ಲ.

ಮೊದಲ ಅರ್ಧ ಬೊಳ್ಳಿ ನಿದ್ದೆ ಮಾಡಿದಳು. ನಾನು ಮಾಡಲಿಲ್ಲ, ಕೈ ಬ್ಯಾಗಿನ ಜಾಲರಿಯ ಮೇಲೇ ಇತ್ತು. ಆಮೇಲೆ ಅವಳು ಎದ್ದು ತಳದ ಬಟ್ಟೆ ಕೆರೆಯಲು ಶುರುಮಾಡಿದಳು. ಕೆರೆಯುವುದು, ಸುತ್ತು ಹಾಕುವುದು, ಹಿಂದೆ ನೆಕ್ಕಿಕೊಳ್ಳುವುದು, ಇವು ಗುರುತು. ಮಲಗಿದವರೇ ಜಾಸ್ತಿ ಇದ್ದ ಹೊತ್ತು, ಕ್ಯೂ ಇರಲಿಲ್ಲ. ಬೆಳಗಿನ ತಿಂಡಿ ಶುರುವಾದ ಮೇಲೆ ಹೋದರೆ ಬಾಗಿಲ ಹೊರಗೆ ಜನ ಕಾಯುತ್ತಿರುತ್ತಾರೆ, ನಮಗೂ ಅವಸರ, ನಾಯಿಗೂ ಗೊತ್ತಾಗುತ್ತದೆ.

ಒಳಗೆ ಹೋಗಿ ಮೊದಲು ಮುಚ್ಚಳ ಹಾಕಿದೆ. ಆ ಫ್ಲಶ್ ಸದ್ದು ಗಾಳಿ ಎಳೆಯುವ ಸದ್ದು, ಮನುಷ್ಯರೇ ಬೆಚ್ಚುತ್ತಾರೆ. ನಾಯಿ ಒಳಗಿರುವಾಗ ಅದನ್ನು ಒತ್ತಲೇಬಾರದು. ಮುಚ್ಚಳದ ಮೇಲೆ ಬ್ಯಾಗು ಇಟ್ಟೆ. ನೆಲ ಒದ್ದೆಯಿತ್ತು, ಒರೆಸಿ, ಮಡಚಿದ ಪ್ಯಾಡ್ ಹಾಸಿ, ಮನೆಯಿಂದ ಜಿಪ್ ಚೀಲದಲ್ಲಿ ತಂದ ಹಳೆಯ ಪ್ಯಾಡ್‌ನ ತುಂಡು ಅದರ ಮೇಲೆ ಇಟ್ಟೆ. ಅವಳನ್ನು ಇಳಿಸಿದೆ. ಕಾಲಿನ ಕೆಳಗೆ ನೆಲ ನಡುಗುತ್ತಿತ್ತು, ಅದು ನಮ್ಮ ಬಚ್ಚಲಲ್ಲಿ ಇರಲಿಲ್ಲ. ನಾಲ್ಕೂ ಕಾಲು ಅಗಲಿಸಿ ನಿಂತಳು. ಕಿವಿ ಹಿಂದಕ್ಕೆ. ನಾನು ಗೋಡೆಗೆ ಒರಗಿ ಸುಮ್ಮನೆ ನಿಂತೆ. ಮೂಗು ಕೆಳಗೆ ಹೋಯಿತು, ಆ ತುಂಡನ್ನು ಮೂಸಿದಳು, ಮತ್ತೆ ಮೂಸಿದಳು. ಆಗ "ಬೊಳ್ಳಿ, ಸುಸು ಮಾಡು" ಅಂದೆ, ಜಗಲಿಯಲ್ಲಿ ಹೇಳುವ ದನಿಯಲ್ಲೇ. ತಿರುಗಲು ಜಾಗ ಇಲ್ಲದಿದ್ದರೂ ಅರ್ಧ ಸುತ್ತು ತಿರುಗಿ ಕೂತಳು. ನನ್ನ ಕಣ್ಣಲ್ಲಿ ನೀರು ಬಂತು.

ಪ್ಯಾಡ್ ಒಳಮುಖವಾಗಿ ಸುತ್ತಿ ಜಿಪ್ ಚೀಲ, ಅದರ ಮೇಲೆ ಇನ್ನೊಂದು ಚೀಲ, ಆಮೇಲೆ ಕಸದ ಡಬ್ಬಿ. ಕಮೋಡ್‌ಗೆ ಹಾಕಲೇಬಾರದು, ಕಟ್ಟಿಕೊಳ್ಳುತ್ತದೆ. ನೆಲಕ್ಕೆ ವಿನೆಗರ್ ನೀರು ಚಿಮುಕಿಸಿ ಒರೆಸಿದೆ. ನಮ್ಮ ಹಿಂದೆ ಬರುವವರಿಗೆ ನಾಯಿ ಬಂದಿತ್ತು ಅಂತಲೇ ಗೊತ್ತಾಗಬಾರದು.

ಡೈಪರ್ ಹಾಕಬಹುದಲ್ವಾ ಅಂತ ಕೇಳುತ್ತಾರೆ. ಎರಡು ಇಟ್ಟುಕೊಂಡಿದ್ದೆ, ಹಾಕಲಿಲ್ಲ. ಗಂಟೆಗಟ್ಟಲೆ ಒದ್ದೆ ಡೈಪರ್ ಇದ್ದರೆ ಚರ್ಮ ಕೆಂಪಾಗುತ್ತದೆ. ಮುದಿ ನಾಯಿಗೆ, ತಡೆಯಲಾಗದ ನಾಯಿಗೆ ಅದು ಬೇಕು. ಉಳಿದವಕ್ಕೆ ಕಷ್ಟಕಾಲಕ್ಕೆ ಅಂತ ಇಟ್ಟುಕೊಳ್ಳಿ.

ಮ್ಯೂನಿಕ್‌ನಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ಸಾಲು, ಆಮೇಲೆ ಕಸ್ಟಮ್ಸ್‌ನ ಕೆಂಪು ದಾರಿಯಲ್ಲಿ ನಾಯಿಯ ಕಾಗದ ತೋರಿಸುವುದು. ಹೊರಗೆ ಬಂದರೆ ಹಿಮ. ಹುಲ್ಲೇ ಕಾಣುವುದಿಲ್ಲ! ಬೊಳ್ಳಿ ಒಂದು ಕಾಲು ಇಟ್ಟು ತೆಗೆದಳು. ಮಗಳು ಹಿಮದ ಮೇಲೆ ಒಂದು ಪ್ಯಾಡ್ ಹಾಸಿದಳು, ಬೊಳ್ಳಿ ಅದರ ಮೇಲೆ ಹೋಗಿ ಮಾಡಿದಳು. ಹೊಸ ದೇಶದ ಮೊದಲ ಕೆಲವು ದಿನ ಪ್ಯಾಡೇ ಅವಳಿಗೆ ಗೊತ್ತಿರುವ ನೆಲ. ಮಗಳು ದಿನಾ ಅದನ್ನು ಕತ್ತರಿಸಿ ಚಿಕ್ಕದು ಮಾಡುತ್ತಾ ಹೋದಳು, ನಾನು ತರಗೆಲೆ ಕಡಿಮೆ ಮಾಡಿದ ಹಾಗೆ.

ಬೇರೆ ದೇಶಕ್ಕೆ ಹೋಗುವವರಿಗೆ ಎರಡು ಮಾತು. ಇಂಗ್ಲೆಂಡಿಗೆ ಸಾಕುನಾಯಿ ವಿಮಾನದಲ್ಲಿ ಬರುವುದಾದರೆ ಕಾರ್ಗೋದಲ್ಲೇ ಬರಬೇಕು. ಆಗ ಗೂಡಿನ ತಳಕ್ಕೆ ಹೀರುವ ಹಾಸು, ಬಾಗಿಲಿಗೆ ಸಿಕ್ಕಿಸಿದ ನೀರಿನ ಬಟ್ಟಲು ಕಡ್ಡಾಯ, ನೀವು ಮಧ್ಯೆ ಏನೂ ಮಾಡಲಾಗದು. ಅಮೆರಿಕಕ್ಕೆ 2024ರ ಆಗಸ್ಟ್‌ನಿಂದ ನಿಯಮ ಬಿಗಿಯಾಗಿದೆ, ಆರು ತಿಂಗಳು ತುಂಬದ ನಾಯಿಗೆ ಪ್ರವೇಶವಿಲ್ಲ. ಆದರೆ ಅಲ್ಲಿನ ದೊಡ್ಡ ವಿಮಾನ ನಿಲ್ದಾಣಗಳ ಪ್ರತಿ ಟರ್ಮಿನಲ್‌ನಲ್ಲಿ ನಾಯಿಗಳ ಶೌಚಕ್ಕೆ ಜಾಗ ಇರಲೇಬೇಕು ಅಂತ ಕಾನೂನೇ ಇದೆ. ಅಂಗವಿಕಲರ ಸಹಾಯಕ ನಾಯಿಗಳಿಗೆ ಅಂತ ಮಾಡಿದ್ದು. ವಿಮಾನ ಬದಲಾಯಿಸುವಾಗ ಇಳಿದ ಕೂಡಲೇ ಅದನ್ನು ಕೇಳಿಕೊಂಡು ಹೋಗಿ.

ವಿರಾಜಪೇಟೆಯ ನನ್ನ ಗೆಳತಿಯದು ಗಂಡು ನಾಯಿ, ಮುಂದಿನ ವರ್ಷ ಹೊರಡುತ್ತಿದೆ. ಕಾಲು ಎತ್ತಿ ಮಾಡುವ ನಾಯಿಗೆ ಚಪ್ಪಟೆ ಪ್ಯಾಡ್ ಸಾಲದು, ಎದುರಿಗೆ ಏನಾದರೂ ನಿಂತಿರಬೇಕು. ಅವಳಿಗೆ ಒಂದು ಲೀಟರ್ ಬಾಟಲಿಗೆ ಪ್ಯಾಡ್ ಸುತ್ತಿ, ಇನ್ನೊಂದು ಪ್ಯಾಡ್‌ನ ಮಧ್ಯೆ ನಿಲ್ಲಿಸಲು ಹೇಳಿದ್ದೇನೆ. ಬಾಟಲಿಗೆ ನೀರು ತುಂಬಿರಬೇಕು, ಖಾಲಿಯಾದರೆ ಮೂಸಿದ ಕೂಡಲೇ ಬೀಳುತ್ತದೆ, ನಾಯಿ ಹೆದರುತ್ತದೆ. ಸೆಕ್ಯೂರಿಟಿಯಲ್ಲಿ ಖಾಲಿ ಬಾಟಲಿ ಒಯ್ದು ಒಳಗೆ ಹೋದ ಮೇಲೆ ತುಂಬಿಸಿಕೊಂಡರಾಯಿತು. ಹೊಟ್ಟೆಗೆ ಸುತ್ತುವ, ಸುಸು ಹೀರುವ ಪಟ್ಟಿಯೂ ಸಿಗುತ್ತದೆ, ಅದನ್ನು ಮನೆಯಲ್ಲಿ ಮೊದಲೇ ಕಟ್ಟಿ ಅಭ್ಯಾಸ ಮಾಡಿಸಬೇಕು. ಮಳೆಗಾಲ ಬರಲಿ, ಆಗ ಶುರುಮಾಡುತ್ತೇನೆ ಅಂದಳು. ಬೇಡ, ಬಚ್ಚಲಿಗೆ ಮಳೆ ಬೇಕಾಗಿಲ್ಲ, ಈ ವಾರವೇ ಬಾಟಲಿ ಇಡು ಅಂದೆ.